ಬಾರ್ನ್‌ವೆಲ್‌ನನ್ನು ಕೆಡಿಸಿದವರು ಯಾರು?

ಜಾರ್ಜ್ ಲಿಲ್ಲೋ ಬರೆದ ‘ದ ಲಂಡನ್ ಮರ್ಚೆಂಟ್’ ನಾಟಕದ ಮಾತು ಬಂದಾಗಲೆಲ್ಲ ನನ್ನನ್ನು ಕೇಳುವುದು ಇದನ್ನೇ: ಹುಡುಗನನ್ನು ಕೆಡಿಸಿದವಳು ಮಿಲ್‌ವುಡ್ ತಾನೇ, ಅದರಲ್ಲಿ ಚರ್ಚೆಗೇನಿದೆ?

ಇದೆ. ಕಥೆ ತಿಳಿಯದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಜಾರ್ಜ್ ಬಾರ್ನ್‌ವೆಲ್ ಹದಿನೆಂಟರ ಹುಡುಗ. ಥರೋಗುಡ್ ಎಂಬ ವರ್ತಕನ ಮನೆಯಲ್ಲಿದ್ದುಕೊಂಡು ವ್ಯಾಪಾರ ಕಲಿಯುತ್ತಿದ್ದಾನೆ. ಮಿಲ್‌ವುಡ್ ಎಂಬ ವೇಶ್ಯೆ ಅವನನ್ನು ಬಲೆಗೆ ಹಾಕಿಕೊಳ್ಳುತ್ತಾಳೆ. ಅವಳಿಗಾಗಿ ಯಜಮಾನನ ಹಣ ಕದಿಯುತ್ತಾನೆ, ಕೊನೆಗೆ ಸ್ವಂತ ಸೋದರಮಾವನನ್ನೇ ಕೊಲ್ಲುತ್ತಾನೆ. ಇಬ್ಬರಿಗೂ ಮರಣದಂಡನೆ. 1731ರ ಜೂನ್‌ನಲ್ಲಿ ಡ್ರೂರಿ ಲೇನ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡ ನಾಟಕವಿದು. ದುರಂತ ನಾಟಕವೆಂದರೆ ರಾಜರಾಣಿಯರ ಪಾಲಿನದು ಎಂದುಕೊಂಡಿದ್ದ ಕಾಲದಲ್ಲಿ ಲಿಲ್ಲೋ ಒಬ್ಬ ಸಾಮಾನ್ಯ ಹುಡುಗನನ್ನು, ಅದೂ ಗದ್ಯದಲ್ಲಿ, ನಾಯಕನನ್ನಾಗಿ ಮಾಡಿದ. ಈ ಕಥೆಯ ಹಳೆಯ ಲಾವಣಿಯ ಪ್ರತಿ ಹಿಡಿದು ಗೇಲಿ ಮಾಡಲೆಂದೇ ಬಂದಿದ್ದವರು ಅದನ್ನು ಬದಿಗಿಟ್ಟು ಕಣ್ಣೊರೆಸಿಕೊಂಡರೆಂದು ಅಂದಿನ ರಂಗಭೂಮಿಯವರು ಬರೆದಿಟ್ಟಿದ್ದಾರೆ.

ನನ್ನ ಉತ್ತರವಿರುವುದು ಎರಡನೆಯ ಅಂಕದಲ್ಲಿ. ರಾತ್ರಿಯೆಲ್ಲ ಹೊರಗಿದ್ದ ಬಾರ್ನ್‌ವೆಲ್ ತಲೆ ತಗ್ಗಿಸಿ ಮನೆಗೆ ಮರಳಿದ್ದಾನೆ. ಯಜಮಾನನ ನಂಬಿಕೆಗೆ ದ್ರೋಹ ಬಗೆದು ಕಳ್ಳನಾದೆನೆಂದು ಆಗಲೇ ತನ್ನನ್ನು ತಾನೇ ಹಳಿದುಕೊಳ್ಳುತ್ತಿದ್ದಾನೆ. ಥರೋಗುಡ್ ಗದರಿಸುವುದಿಲ್ಲ, ಹುಡುಗನ ಮುಖದಲ್ಲಿರುವ ನಾಚಿಕೆಯನ್ನು ಕಂಡು ಕೇಳುವ ಮೊದಲೇ ಕ್ಷಮಿಸಿಬಿಡುತ್ತಾನೆ. ಆ ಒಳ್ಳೆಯತನ ಬಾರ್ನ್‌ವೆಲ್‌ನನ್ನು ಕರಗಿಸುತ್ತದೆ. ಮೊಣಕಾಲೂರಿ ಎಲ್ಲವನ್ನೂ ಹೇಳಿಬಿಡುತ್ತೇನೆ ಎನ್ನುತ್ತಾನೆ. ಥರೋಗುಡ್ ತಡೆಯುತ್ತಾನೆ. ಹೇಳಲು ನಿನಗೆ ಇಷ್ಟು ಸಂಕಟವಾಗುವುದನ್ನು ಕೇಳುವುದು ಕರುಣೆಯಲ್ಲ, ಕ್ರೌರ್ಯ ಎನ್ನುತ್ತಾನೆ. ಇಡೀ ನಾಟಕದಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವುದು ಈ ಗಳಿಗೆ. ಬಾಯಿಗೆ ಬಂದಿದ್ದ ಮಾತು ಗಂಟಲಿಗೆ ಮರಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮಿಲ್‌ವುಡ್ ಒಂದು ಕಟ್ಟುಕಥೆ ಹೊತ್ತು ಆ ಮನೆಗೇ ಬರುತ್ತಾಳೆ; ಅಂಕ ಮುಗಿಯುವ ಹೊತ್ತಿಗೆ ಯಜಮಾನನ ಹಣದ ಚೀಲ ಅವಳ ಕೈಯಲ್ಲಿರುತ್ತದೆ.

ಆಮೇಲಿನದೆಲ್ಲ ಇಳಿಜಾರು. ಕೊಲೆಯ ದೃಶ್ಯದಲ್ಲೂ ಬಾರ್ನ್‌ವೆಲ್ ಪಿಸ್ತೂಲನ್ನು ಕೆಳಗೆ ಎಸೆಯುತ್ತಾನೆ. ಮುಸುಕುಧಾರಿಯನ್ನು ಕಂಡು ಮಾವ ಕತ್ತಿ ಹಿರಿದಾಗ ಮಾತ್ರ ಕಠಾರಿಯಿಂದ ಇರಿಯುತ್ತಾನೆ. ಸಾಯುತ್ತಿರುವ ಮುದುಕ ತನ್ನ ಅಳಿಯನನ್ನು ಹರಸಿ, ತನ್ನನ್ನು ಕೊಂದವನನ್ನು ಕ್ಷಮಿಸು ಎಂದು ದೇವರಲ್ಲಿ ಬೇಡುತ್ತಾನೆ. ಇಬ್ಬರೂ ಒಬ್ಬನೇ ಎಂಬುದು ಅವನಿಗೆ ತಿಳಿದಿರುವುದಿಲ್ಲ.

ಹಾಗಾದರೆ ಮಿಲ್‌ವುಡ್ ನಿರಪರಾಧಿಯೇ? ಖಂಡಿತ ಅಲ್ಲ. ರಕ್ತಸಿಕ್ತ ಕೈಯಲ್ಲಿ, ಹಣವಿಲ್ಲದೆ ಬಂದ ಹುಡುಗನನ್ನು ಅವಳೇ ಹಿಡಿದುಕೊಡುತ್ತಾಳೆ. ಆದರೆ ಸಿಕ್ಕಿಬಿದ್ದಾಗ ತನ್ನನ್ನು ಮೊದಲು ಹಾಳುಮಾಡಿದ ಗಂಡಸರನ್ನೂ ಅವರಿಗೆ ಆಸರೆಯಾದ ಕಾನೂನನ್ನೂ ಅವಳು ಪ್ರಶ್ನಿಸುವ ಮಾತುಗಳಿಗೆ ನಾಟಕದೊಳಗೆ ಸರಿಯಾದ ಉತ್ತರ ಸಿಗುವುದಿಲ್ಲ. ಬಲೆ ಬೀಸಿದವಳು ಅವಳು. ಅದರಿಂದ ಹುಡುಗ ಬಿಡಿಸಿಕೊಳ್ಳಬಹುದಾಗಿದ್ದ ಒಂದೇ ಗಳಿಗೆಯನ್ನು ಕಳೆದವನು ಆ ಸಜ್ಜನ ವರ್ತಕ. ಅವನನ್ನು ದುಷ್ಟನೆಂದು ನಾನು ಹೇಳುತ್ತಿಲ್ಲ. ಕೇಳಿಸಿಕೊಳ್ಳುವುದು ಕ್ಷಮಿಸುವುದಕ್ಕಿಂತ ಕಷ್ಟದ ಕೆಲಸ, ಅದನ್ನು ಅವನು ಮಾಡಲಿಲ್ಲ.

ಲಂಡನ್‌ನಲ್ಲಿ ಬಹುಕಾಲ ಹಬ್ಬದ ರಜೆಗಳಲ್ಲಿ ಕಸುಬು ಕಲಿಯುವ ಹುಡುಗರಿಗೆಂದೇ ಈ ನಾಟಕವನ್ನು ಆಡಿಸುತ್ತಿದ್ದರು, ನೋಡಿ ಬುದ್ಧಿ ಕಲಿಯಲಿ ಎಂದು. ಅವರ ಯಜಮಾನರನ್ನೂ ಪಕ್ಕದಲ್ಲೇ ಕೂರಿಸಿ, ಎರಡನೆಯ ಅಂಕವನ್ನಾದರೂ ತೋರಿಸಬೇಕಿತ್ತು.