ವಿಯೆನ್ನಾದ ಅಂಚೆ ಉಳಿತಾಯ ಬ್ಯಾಂಕಿನ ಗೋಡೆ ಮತ್ತು ಬೆಳಕು

ವಿಯೆನ್ನಾದ ರಿಂಗ್‌ಸ್ಟ್ರಾಸೆ ವರ್ತುಲ ರಸ್ತೆಯ ಉದ್ದಕ್ಕೂ ಹಿಂದಿನ ಶತಮಾನಗಳ ಶೈಲಿಗಳನ್ನು ಅನುಸರಿಸಿ ಕಟ್ಟಿದ ಅರಮನೆಯಂಥ ಕಟ್ಟಡಗಳು ಸಾಲುಗಟ್ಟಿವೆ. ಆ ರಸ್ತೆಗೆ ತಾಗಿದ ಚಿಕ್ಕ ಚೌಕದಲ್ಲಿರುವ, ಒಟ್ಟೊ ವಾಗ್ನರ್ ವಿನ್ಯಾಸಗೊಳಿಸಿದ ಹಳೆಯ ಅಂಚೆ ಉಳಿತಾಯ ಬ್ಯಾಂಕಿನ ಎದುರು ನಿಂತಾಗ ನನ್ನ ಕಣ್ಣು ಮೊದಲು ಹೋದದ್ದು ಗೋಡೆಯ ತುಂಬ ಮಿನುಗುವ ಬೋಲ್ಟಿನ ತಲೆಗಳ ಕಡೆಗೆ.

ಒಳಗಿನ ಗೋಡೆ ಇಟ್ಟಿಗೆಯದು. ಅದರ ಮೇಲೆ ಅಮೃತಶಿಲೆಯ ತೆಳು ಚಪ್ಪಡಿಗಳನ್ನು ಗಾರೆಯಲ್ಲಿ ಕೂರಿಸಿ, ಕಬ್ಬಿಣದ ಬೋಲ್ಟುಗಳಿಂದ ಬಿಗಿದು, ಬೋಲ್ಟಿನ ತಲೆಗೆ ಆಗ ಇನ್ನೂ ಹೊಸದಾಗಿದ್ದ ಅಲ್ಯೂಮಿನಿಯಂ ಟೊಪ್ಪಿಗೆ ತೊಡಿಸಿದ್ದಾರೆ. ದಪ್ಪ ಕಲ್ಲುಗಳನ್ನು ಕಡೆದು ಪೇರಿಸುವುದಕ್ಕಿಂತ ಇದರಲ್ಲಿ ಹಣವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಈ ಕಟ್ಟಡದ ವಿನ್ಯಾಸಕ್ಕಾಗಿ ನಡೆದ 1903ರ ಸ್ಪರ್ಧೆಯಲ್ಲಿ ವಾಗ್ನರ್ ಗೆದ್ದರು, 1904ರಲ್ಲಿ ಕೆಲಸ ಶುರುವಾಯಿತು, 1906ರ ಹೊತ್ತಿಗೆ ಮೊದಲ ಹಂತ ಮುಗಿಯಿತು. ಗಾರೆ ಗಟ್ಟಿಯಾದ ಮೇಲೆ ಬೋಲ್ಟುಗಳಿಗೆ ಹೆಚ್ಚಿನ ಕೆಲಸವಿರಲಿಲ್ಲ. ಆದರೂ ಅವನ್ನು ಮರೆಮಾಚದೆ, ಗೋಡೆಯನ್ನು ಕಟ್ಟಿದ ಬಗೆಯನ್ನೇ ಅದರ ಅಲಂಕಾರವಾಗಿಸಿದ್ದು ನನಗೆ ಬಹಳ ದೊಡ್ಡ ಮಾತೆನಿಸುತ್ತದೆ.

ಈ ಬ್ಯಾಂಕು ಸಿರಿವಂತರಿಗಾಗಿ ಹುಟ್ಟಿದ್ದಲ್ಲ. ಊರೂರಿನ ಅಂಚೆ ಕಚೇರಿಗಳಲ್ಲಿ ಸಾಮಾನ್ಯರು ಕಟ್ಟುವ ಪುಡಿಗಾಸನ್ನು ಕಾಪಾಡಲು 1883ರಲ್ಲಿ ಅದು ಕೆಲಸ ಆರಂಭಿಸಿತು. ನಮ್ಮಲ್ಲಿ ಅಂಚೆ ಉಳಿತಾಯ ಖಾತೆ ಬಂದದ್ದು ಅದಕ್ಕೆ ಒಂದು ವರ್ಷ ಮೊದಲು, 1882ರಲ್ಲಿ. ಅಂಥ ಗ್ರಾಹಕರಿಗೆ ಎಂಥ ಸಭಾಂಗಣ ಬೇಕು ಎಂಬುದನ್ನು ವಾಗ್ನರ್ ಎಷ್ಟು ಆಳವಾಗಿ ಯೋಚಿಸಿದ್ದರು ಎಂಬುದು ಒಳಗೆ ಕಾಲಿಟ್ಟಾಗ ತಿಳಿಯುತ್ತದೆ.

ಹಣ ಕಟ್ಟುವ ಆ ಸಭಾಂಗಣಕ್ಕೆ ಗಾಜೇ ಮಾಳಿಗೆ. ಮೇಲೆ ಮಳೆ ಹಿಮ ತಡೆಯುವ ಒಂದು ಗಾಜಿನ ಸೂರು, ಅದರ ಕೆಳಗೆ ಮೆಲ್ಲಗೆ ಬಾಗಿದ ಹಾಲುಗಾಜಿನ ಇನ್ನೊಂದು ಸೂರು. ಎರಡನ್ನೂ ಹಾದು ಬರುವ ಹೊತ್ತಿಗೆ ಬಿಸಿಲು ಕಣ್ಣು ಕುಕ್ಕದಷ್ಟು ತಣ್ಣಗಾಗಿರುತ್ತದೆ. ಬೆಳಕು ಅಲ್ಲಿಗೇ ನಿಲ್ಲುವುದಿಲ್ಲ. ನೆಲಕ್ಕೂ ದಪ್ಪ ಗಾಜಿನ ಬಿಲ್ಲೆಗಳನ್ನು ಕೂರಿಸಿರುವುದರಿಂದ ಅದು ಕೆಳ ಅಂತಸ್ತಿನ ಕೋಣೆಗಳಿಗೂ ಇಳಿಯುತ್ತದೆ. ಗೋಡೆಯಂಚಿನಲ್ಲಿ ಸಾಲಾಗಿ ನಿಂತ ಅಲ್ಯೂಮಿನಿಯಂ ಕಂಬಗಳನ್ನು ನಾನು ಮೊದಲು ಶಿಲ್ಪಗಳೆಂದೇ ತಿಳಿದಿದ್ದೆ. ಅವು ಚಳಿಗಾಲದಲ್ಲಿ ಬೆಚ್ಚನೆಯ ಗಾಳಿ ಬಿಡುವ ಕೊಳವೆಗಳು. ಕುರ್ಚಿಗಳ ಕಡೆಗೂ ಅಷ್ಟೇ ಗಮನ: ಕೈಯಾನಿಸಿ ಸವೆಯುವ ಜಾಗಕ್ಕೂ ನೆಲಕ್ಕೆ ಉಜ್ಜುವ ಕಾಲಿನ ತುದಿಗೂ ಮಾತ್ರ ಲೋಹದ ಹೊದಿಕೆ ಹಾಕಿದ್ದಾರೆ.

ಬ್ಯಾಂಕು ಕೆಲವು ವರ್ಷಗಳ ಹಿಂದೆ ಇಲ್ಲಿಂದ ತೆರವಾಯಿತು. ಈಗ ಕಟ್ಟಡದಲ್ಲಿ ಅನ್ವಯಿಕ ಕಲೆಗಳ ವಿಶ್ವವಿದ್ಯಾಲಯದ ವಿಭಾಗಗಳೂ ಇವೆ. ಕೌಂಟರುಗಳ ಹಿಂದೆ ಗುಮಾಸ್ತರಿಲ್ಲ. ನಾನು ಹೋದ ದಿನ ಹೊರಗೆ ಮೋಡ ಕವಿದಿತ್ತು, ಆದರೂ ಸಭಾಂಗಣದ ಒಳಗೆ ನಿಂತು ಪುಸ್ತಕದ ಸಣ್ಣ ಅಕ್ಷರ ಓದಲು ದೀಪ ಬೇಕೆನಿಸಲಿಲ್ಲ.