ಆರ್‌ಡಿ ನಂಬರ್ ಹಾಕಿದ್ರಾ?

ಅರಸೀಕೆರೆಯಲ್ಲಿ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ. ಸಿಇಟಿ ಸಮಯದಲ್ಲಿ ಅದೇ ಅರ್ಧ ಊರಿಗೆ ಕೌನ್ಸೆಲಿಂಗ್ ಸೆಂಟರು. ಊರ ಮಕ್ಕಳ ಅರ್ಜಿಗಳನ್ನೆಲ್ಲ ಕಣ್ಣುಮುಚ್ಚಿ ತುಂಬಿದವನಿಗೆ ಅಕ್ಕನ ಮಗಳದ್ದು ಬಂದಾಗ ಮಾತ್ರ ಕೈ ನಡುಗಿತು. ಪಿಯುಸಿಯಲ್ಲಿ ಶೇ 95 ತೆಗೆದ ಹುಡುಗಿ. ಭಾವ ಆಗಲೇ "ಹತ್ತು ಗುಂಟೆ ತೋಟ ಮಾರ್ತೀನಿ, ಬೆಂಗಳೂರಲ್ಲಿ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟು ಕೊಡ್ಸೋಣ" ಅಂತ ಕೂತಿದ್ದರು.

"ಸ್ವಲ್ಪ ತಡೀರಿ ಭಾವ, ಎಸ್‌ಎನ್‌ಕ್ಯೂ ಇದೆ" ಅಂದೆ. ಎಸ್‌ಎನ್‌ಕ್ಯೂ ಅಂದ್ರೆ ಸೂಪರ್‌ನ್ಯೂಮರರಿ ಕೋಟಾ, ಕಾಲೇಜಿಗೆ ಮಂಜೂರಾದ ಸೀಟಿನ ಮೇಲೆ ಇನ್ನೂ ಶೇ 5 ಹೆಚ್ಚುವರಿ ಸೀಟು. ಮನೆ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದವರಿಗೆ ರ‍್ಯಾಂಕ್ ಮೇಲೆ ಸಿಗುತ್ತೆ, ಬೋಧನಾ ಶುಲ್ಕ ಮಾಫಿ. ಉಳಿದ ಫೀಸು ಕಟ್ಟಲೇಬೇಕು, ಅದನ್ನ ಯಾರೂ ಮೊದಲೇ ಹೇಳಲ್ಲ. ಅರ್ಜಿಯಲ್ಲಿ ಎಸ್‌ಎನ್‌ಕ್ಯೂ ಬೇಕು ಅಂತ ಕೇಳಿ, ನಾಡಕಚೇರಿ ಕೊಡೋ ಆದಾಯ ಪತ್ರದ ಮೇಲಿರೋ ಆರ್‌ಡಿ ನಂಬರ್ ಹಾಕಬೇಕು. ನಾನು ಮಹಾಜಾಣ, ಜಾತಿ ಪತ್ರದ ನಂಬರನ್ನ ಅಲ್ಲಿ ಹೊಡೆದೆ! ಎರಡೂ ಆರ್‌ಡಿ ಅಂತಲೇ ಶುರುವಾಗೋದು. ಸ್ಕ್ರೀನು ಒಪ್ಪಲೇ ಇಲ್ಲ. "ಮಾವ, ಅದು ಇನ್ನೊಂದು ಹಾಳೇದು" ಅಂತ ಅವಳೇ ತೋರಿಸಿದಳು.

ಕೇಂದ್ರದ ಸ್ಕಾಲರ್‌ಶಿಪ್ ಒಂದಿದೆ, ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000. ಪಿಯುಸಿಯಲ್ಲಿ ತನ್ನ ವಿಭಾಗದ ಮೇಲಿನ ಶೇ 20ರಲ್ಲಿರಬೇಕು, ಆದಾಯ ನಾಲ್ಕೂವರೆ ಲಕ್ಷ ದಾಟಬಾರದು. ಅಕ್ಕ ಅದಕ್ಕೂ ಹಾಕು ಅಂದಳು. ಆದರೆ ಶುಲ್ಕ ಮಾಫಿ ಪಡೆದವರಿಗೆ ಅದಿಲ್ಲ. ಲೆಕ್ಕ ಹಾಕಿದರೆ ಮಾಫಿಯೇ ದೊಡ್ಡದು.

ಆಪ್ಷನ್ ಎಂಟ್ರಿಗೆ, ಅಂದ್ರೆ ಬೇಕಾದ ಕಾಲೇಜು, ಕೋರ್ಸುಗಳನ್ನ ಸಾಲಾಗಿ ತುಂಬೋಕೆ ಕೂತಾಗ ಜಗಳವಾಯ್ತು. ಭಾವನಿಗೆ ಬೆಂಗಳೂರಿನ ಹೆಸರು ಬೇಕು, ನನಗೆ ಹಾಸನ. ಬೆಂಗಳೂರಲ್ಲಿ ಪಿಜಿ ಬಾಡಿಗೆಗೇ ಅವರ ಕೊಬ್ಬರಿ ದುಡ್ಡು ಕರಗಿಹೋಗುತ್ತೆ. ಹುಡುಗಿ ಇಬ್ಬರನ್ನೂ ಬದಿಗೆ ಸರಿಸಿ, ತಾನೇ ಮೌಸ್ ಹಿಡಿದು ಹಾಸನವನ್ನ ಮೇಲಿಟ್ಟಳು. ಎಲೆಕ್ಟ್ರಾನಿಕ್ಸ್ ಸಿಕ್ಕಿತು, ಎಸ್‌ಎನ್‌ಕ್ಯೂನಲ್ಲೇ.

ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೀವಿ. ಅದು ಸಿಗದಿದ್ದರೆ ವಿದ್ಯಾಸಿರಿ, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ಸರ್ಕಾರ ಹತ್ತು ತಿಂಗಳು ಕೊಡೋ ದುಡ್ಡು. ಅದಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಅಕ್ಕ ಪಾಸ್‌ಬುಕ್ ಹಿಡಿದು ನಿನ್ನೆ ಬ್ಯಾಂಕಿಗೆ ಹೋಗಿಬಂದಳು. ಹಾಸ್ಟೆಲ್ ಪಟ್ಟಿ ಬರೋತನಕ ಹುಡುಗಿ ಬೆಳಗ್ಗೆ ರೈಲಿಗೆ ಹೋಗಿಬರ್ತಾಳೆ, ಡಬ್ಬಿಯಲ್ಲಿ ಚಿತ್ರಾನ್ನ.