ಸಿಎಚ್341ಎ ಪ್ರೋಗ್ರಾಮರ್ ಅನ್ನು 3.3 ವೋಲ್ಟಿಗೆ ಇಳಿಸಿದ ಕೆಲಸ: ಈವರೆಗಿನ ಪ್ರಗತಿ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಲೆಕ್ಕದ ಕಂಪ್ಯೂಟರಿನಲ್ಲಿ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೊದಲ ತಂತ್ರಾಂಶ) ಅಪ್‌ಡೇಟ್ ನಡೆಯುತ್ತಿದ್ದಾಗಲೇ ಕರೆಂಟ್ ಹೋಗಿ, ಅಂದಿನಿಂದ ಪರದೆಯ ಮೇಲೆ ಏನೂ ಮೂಡದಂತಾಗಿತ್ತು. ಗಿರಣಿಯ ಗುಮಾಸ್ತರು ಅದನ್ನು ಕೊಪ್ಪಳದ ನನ್ನ ಮನೆಗೆ ತಂದಿಟ್ಟು ಹದಿನೈದು ದಿನಗಳಾದವು. ಮೆಮೊರಿ ಚಿಪ್ಪನ್ನು ಓದಿ ಬರೆಯುವ ಸಣ್ಣ ಸಾಧನವಾದ ಕಪ್ಪು ಬೋರ್ಡಿನ ಸಿಎಚ್341ಎ ಪ್ರೋಗ್ರಾಮರ್ ನನ್ನಲ್ಲಿ ಮೊದಲೇ ಇದ್ದರೂ, ಅದನ್ನು ತಿದ್ದದೆ ಇನ್ನೊಬ್ಬರ ಯಂತ್ರಕ್ಕೆ ತಾಗಿಸಲು ನನಗೆ ಮನಸ್ಸಾಗಲಿಲ್ಲ.

ಈ ಬೋರ್ಡಿನ ರೆಗ್ಯುಲೇಟರ್ (ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಭಾಗ) ಮೆಮೊರಿ ಚಿಪ್ಪಿಗೆ 3.3 ವೋಲ್ಟನ್ನೇ ಕೊಡುತ್ತದೆ. ಆದರೆ ಅದರ ಮುಖ್ಯ ಚಿಪ್ಪಾದ ಸಿಎಚ್341ಎ ಯುಎಸ್‌ಬಿಯ 5 ವೋಲ್ಟಿನಲ್ಲಿ ನಡೆಯುವುದರಿಂದ ಅದು ಕಳುಹಿಸುವ ಸಂಕೇತಗಳೂ 5 ವೋಲ್ಟಿನ ಸಮೀಪಕ್ಕೆ ಏರುತ್ತವೆ. ಗಿರಣಿಯ ಕಂಪ್ಯೂಟರಿನ ಬೋರ್ಡಿನಲ್ಲಿ ಬಯೋಸ್ ಇಟ್ಟುಕೊಂಡಿರುವ ಡಬ್ಲ್ಯೂ25ಕ್ಯೂ64ಎಫ್‌ವಿ ಚಿಪ್ಪಿನ ಮಿತಿ 3.6 ವೋಲ್ಟ್. ಅನೇಕ ಚಿಪ್‌ಗಳು ಈ ಹೆಚ್ಚುವರಿಯನ್ನು ತಾಳಿಕೊಳ್ಳುತ್ತವೆ ಎಂಬುದು ನಿಜವಾದರೂ, ಚಿಪ್ಪನ್ನು ಬಿಚ್ಚದೆ ಅದರ ಕಾಲುಗಳಿಗೆ ಕ್ಲಿಪ್ ಹಾಕಿ ಬೋರ್ಡಿನ ಮೇಲೆಯೇ ಬರೆಯುವಾಗ ಅದೇ ಗೆರೆಗಳ ಇನ್ನೊಂದು ತುದಿಯಲ್ಲಿ ಬೋರ್ಡಿನ ಭಾಗಗಳನ್ನು ನಿಯಂತ್ರಿಸುವ ಚಿಪ್‌ಸೆಟ್ ಇರುತ್ತದೆ. ಅದು ಸುಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಕಳೆದ ಭಾನುವಾರ ಸಿಎಚ್341ಎಯ 28ನೇ ಕಾಲನ್ನು ಬೆಸುಗೆಯಿಂದ ಬಿಡಿಸಿ, ಸೂಜಿಯಿಂದ ಮೆಲ್ಲಗೆ ಎತ್ತಿ, 5 ವೋಲ್ಟಿನ ಸಂಪರ್ಕವನ್ನು ತಪ್ಪಿಸಿದೆ. ಬಳಿಕ ರೆಗ್ಯುಲೇಟರಿನ 3.3 ವೋಲ್ಟ್ ತುದಿಯಿಂದ ತೆಳುವಾದ ತಂತಿಯೊಂದನ್ನು ತಂದು 28ನೇ ಕಾಲಿಗೂ 9ನೇ ಕಾಲಿಗೂ ಬೆಸೆದೆ. 9ನೆಯದನ್ನು ಮರೆಯುವಂತಿಲ್ಲ, ಏಕೆಂದರೆ 3.3 ವೋಲ್ಟಿನಲ್ಲಿ ನಡೆಸುವಾಗ ಈ ಎರಡೂ ಕಾಲುಗಳು ಕೂಡಿರಬೇಕು. ಕೂದಲೆಳೆಯಂಥ ತಂತಿ ಗಾಳಿಗೆ ಅಲುಗುತ್ತದೆಂದು ಆ ಸೆಖೆಯಲ್ಲೂ ಫ್ಯಾನ್ ನಿಲ್ಲಿಸಿಯೇ ಕುಳಿತಿದ್ದೆ. ಮಲ್ಟಿಮೀಟರ್ ಹಿಡಿದಾಗ ಎಲ್ಲ ಗೆರೆಗಳೂ 3.3 ವೋಲ್ಟಿನೊಳಗೇ ಉಳಿದವು.

ಕಂಪ್ಯೂಟರಿನ ವಿದ್ಯುತ್ ತಂತಿಯನ್ನೂ ಬೋರ್ಡಿನ ಬಟನ್ ಸೆಲ್ಲನ್ನೂ ತೆಗೆದು ಕ್ಲಿಪ್ ಹಾಕಿ, ಫ್ಲ್ಯಾಶ್‌ರೋಮ್ ಎಂಬ ತಂತ್ರಾಂಶದಿಂದ ಎರಡು ಬಾರಿ ಓದಿದಾಗ ಎರಡು ಕಡತಗಳೂ ಬೇರೆ ಬೇರೆಯಾಗಿ ಬಂದವು. ಚಿಪ್ಪಿನ ಕಾಲುಗಳಿಗೆ ತೌಡಿನ ಧೂಳು ಅಂಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಮೂರು ಬಾರಿಯೂ 8 ಮೆಗಾಬೈಟಿನ ಒಂದೇ ಕಡತ ದೊರೆಯಿತು. ಅರ್ಧ ಕೆಟ್ಟಿರುವ ಈ ಹಳೆಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಈ ಬೋರ್ಡಿನ ನೆಟ್‌ವರ್ಕ್ ವಿಳಾಸ ಅದರಲ್ಲಿಯೇ ಇದ್ದು, ಆ ಭಾಗವನ್ನು ಹೊಸ ಬಯೋಸ್ ಕಡತಕ್ಕೆ ಸೇರಿಸಿ ಚಿಪ್ಪಿಗೆ ಬರೆದೆ. ಪರಿಶೀಲನೆ ಸರಿಹೋಯಿತು, ಪರದೆಯೂ ಬೆಳಗಿತು.

1.8 ವೋಲ್ಟಿನ ಚಿಪ್‌ಗಳಿಗೆ ಈ ತಿದ್ದುಪಡಿ ಸಾಲದು. ಅದಕ್ಕೆ ಬೇಕಾದ ಅಡಾಪ್ಟರ್ ತರಿಸಿದ್ದೇನೆ. ಅದನ್ನೂ ಮೊದಲು ಚಿಪ್ ಜೋಡಿಸದೆ ಬರಿದಾಗಿಯೇ ಅಳೆಯುತ್ತೇನೆ.